ಶಂಖದ ಹೊತ್ತಿಗೆ ಬನ್ನಿ

"ಶಂಖದ ಹೊತ್ತಿಗೆ ನಮ್ಮ ದೋಣಿಗೆ ಬನ್ನಿ."

ಅಮೆರಿಕದ ಪಕ್ಕದ ದ್ವೀಪದೇಶ ಬಹಾಮಾಸ್‌ನ ಜಾರ್ಜ್‌ಟೌನ್ ಬಂದರಿನಲ್ಲಿ ನಮಗೆ ಸಿಕ್ಕಿದ ಮೊದಲ ಕರೆ ಇದು. ಲಂಗರು ಹಾಕಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಪಕ್ಕದ ಹಸಿರು ದೋಣಿಯ ಹೆಂಗಸೊಬ್ಬರು ಡಿಂಗಿ ಅನ್ನುವ ತಮ್ಮ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬಂದರು. ನಮ್ಮ ಹಾಯಿದೋಣಿಯ ಮೈಗೆ ಎರಡು ಸಲ ತಟ್ಟಿದರು, ಹೆಸರು ಕೇಳಿದರು, ಇಷ್ಟು ಹೇಳಿ ಹೊರಟೇಹೋದರು. ಗಂಟೆ ಎಷ್ಟು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಂಜೆ ಸೂರ್ಯ ನೀರಿಗೆ ತಾಗುವಾಗ ಬಂದರಿನ ಒಂದು ಮೂಲೆಯಿಂದ ಶಂಖದ ಸದ್ದು ಬಂತು. ಆಮೇಲೆ ಇನ್ನೊಂದು ಕಡೆಯಿಂದ. ನೋಡ್ತಾ ನೋಡ್ತಾ ಹತ್ತಾರು ದೋಣಿಗಳಿಂದ. ನಮ್ಮನೆಯವರು ಮಂಡ್ಯ ಕಡೆಯವರು. "ಶ್ರಾವಣ ಶನಿವಾರ ದಾಸಯ್ಯ ಬಂದಂಗಾಯ್ತಲ್ಲೇ" ಅಂತ ಎದ್ದು ನಿಂತುಬಿಟ್ಟರು.

ನಾನು ಹೊನ್ನಾವರದವಳು. ಕಡಲು ನೋಡಿಕೊಂಡೇ ಬೆಳೆದೆ. ಆದರೆ ನಮ್ಮ ಕಡೆ ಖುಷಿಗೆ ಅಂತ ಯಾರೂ ಕಡಲಿಗೆ ಹೋಗುತ್ತಿರಲಿಲ್ಲ. ಕಡಲು ಅಂದರೆ ದುಡಿಮೆ. ನಮ್ಮಜ್ಜ ಹುಡುಗರಾಗಿದ್ದಾಗ ಮಂಗಳೂರು ಹಂಚು ಹೇರಿಕೊಂಡು ಮುಂಬೈಗೆ ಹೋಗುವ ಪತ್ತೆಮಾರಿಗಳನ್ನು ಕಂಡವರು. ಬರೀ ಹಾಯಿ ಮೇಲೆ ನಡೆಯುತ್ತಿದ್ದ ಮರದ ಹಡಗುಗಳು ಅವು. ಮಳೆಗಾಲ ಶುರುವಾಗುವುದರೊಳಗೆ ಅಳಿವೆಯ ಒಳಗೆ ಬಂದು ಸೇರಿಕೊಳ್ಳಬೇಕಿತ್ತಂತೆ. ಅಜ್ಜ ಹೇಳುವಾಗ ಅದರಲ್ಲಿ ಖುಷಿಗಿಂತ ಭಯವೇ ಜಾಸ್ತಿ ಇರುತ್ತಿತ್ತು. ನನಗೆ ಹಾಯಿ ಕಟ್ಟುವ ಆಸೆ ಹುಟ್ಟಿದ್ದು 44ನೇ ವಯಸ್ಸಿನಲ್ಲಿ, ಅದೂ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಅಲ್ಲಿ ಚೆಸಪೀಕ್ ಕೊಲ್ಲಿ ಇದೆ. ಉದ್ದ ಸುಮಾರು 320 ಕಿಲೋಮೀಟರ್, ಆಳ ಹೆಚ್ಚಿನ ಕಡೆ ಏಳೆಂಟು ಮೀಟರ್ ಕೂಡ ಇಲ್ಲ. ಕಲಿಯುವವರಿಗೆ ಅಂತಲೇ ಮಾಡಿಟ್ಟ ಹಾಗಿದೆ. ಎರಡು ಬೇಸಿಗೆ ಸಂಜೆ ಕ್ಲಾಸಿಗೆ ಹೋದೆವು. ಮೂರನೇ ವರ್ಷ ಸೆಕೆಂಡ್‌ಹ್ಯಾಂಡ್ ದೋಣಿ ಕೊಂಡೆವು. 34 ಅಡಿ ಉದ್ದ, 1987ರಲ್ಲಿ ಕಟ್ಟಿದ್ದು. ಶರಾವತಿ ಅಂತ ಹೆಸರಿಟ್ಟೆವು.

2018ರ ಅಕ್ಟೋಬರ್‌ನಲ್ಲಿ ಇಬ್ಬರೂ ಸಂಬಳವಿಲ್ಲದ ರಜೆ ಹಾಕಿ ಹೊರಟೆವು. ಮಕ್ಕಳು ಕಾಲೇಜು ಸೇರಿಯಾಗಿತ್ತು. ನಾರ್‌ಫೋಕ್‌ನಿಂದ ಮಯಾಮಿವರೆಗೆ ನದಿ, ಕಾಲುವೆ, ಹಿನ್ನೀರುಗಳನ್ನು ಜೋಡಿಸಿ ಮಾಡಿದ ಒಳದಾರಿ ಇದೆ, ಸಾವಿರಕ್ಕೂ ಹೆಚ್ಚು ಮೈಲಿ. ಅದರಲ್ಲೇ ಮೆಲ್ಲಗೆ ಇಳಿದು ಡಿಸೆಂಬರ್ ಕೊನೆಗೆ ಫ್ಲೋರಿಡಾ ಮುಟ್ಟಿದೆವು. ಅದರ ಕಥೆ ಬೇರೆ, ಇಲ್ಲಿ ಬೇಡ. ನಾನು ಹೇಳಬೇಕು ಅಂತಿರುವುದು ಆಮೇಲಿನ ನಾಲ್ಕು ತಿಂಗಳ ಬಗ್ಗೆ. ಹಾಯಿದೋಣಿ ಜೀವನ ಅಂದ ಕೂಡಲೇ ಎಲ್ಲರೂ "ಬಿರುಗಾಳಿ ಸಿಕ್ಕಿತಾ? ಹೆದರಿಕೆ ಆಯ್ತಾ?" ಅಂತ ಕೇಳುತ್ತಾರೆ. ಅಲ್ಲಿ ಎಂಥ ನೆರೆಹೊರೆ ಇರುತ್ತದೆ ಅಂತ ಯಾರೂ ಕೇಳುವುದಿಲ್ಲ.

ಆ ನೆರೆಹೊರೆ ಶುರುವಾಗುವುದೇ ಕಾಯುವುದರಿಂದ. ಫ್ಲೋರಿಡಾದಿಂದ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ 50 ನಾಟಿಕಲ್ ಮೈಲಿ (ಸುಮಾರು 90 ಕಿಲೋಮೀಟರ್) ಕೂಡ ಇಲ್ಲ. ಆದರೆ ನಡುವೆ ಗಲ್ಫ್ ಸ್ಟ್ರೀಮ್ ಅನ್ನುವ ಕಡಲ ಪ್ರವಾಹ ಉತ್ತರಕ್ಕೆ ಹರಿಯುತ್ತಿರುತ್ತದೆ. ಅದರ ವೇಗ ಸುಮಾರು 3 ನಾಟ್, ಅಂದರೆ ಗಂಟೆಗೆ 3 ನಾಟಿಕಲ್ ಮೈಲಿ; ನಮ್ಮ ದೋಣಿಯದು 5. ಗಾಳಿ ಉತ್ತರದಿಂದ ಬೀಸಿತೋ, ಹರಿಯುವ ನೀರಿಗೂ ಎದುರುಗಾಳಿಗೂ ಜಗಳ ಹತ್ತಿ ಅಲೆಗಳು ಗೋಡೆ ಥರ ಎದ್ದು ನಿಲ್ಲುತ್ತವೆ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಉತ್ತರದ ಗಾಳಿ ಬಂದೇ ಬರುತ್ತದೆ. ಹಾಗಾಗಿ ಕಾಯಬೇಕು. ನಾವು ಒಂಬತ್ತು ದಿನ ಕಾದೆವು. ನಮ್ಮ ಜೊತೆ ಇನ್ನೂ ಹದಿನಾಲ್ಕು ದೋಣಿ. ಬೆಳಿಗ್ಗೆ ಎಲ್ಲರ ಬಾಯಲ್ಲೂ ಹವಾಮಾನದ್ದೇ ಮಾತು, ಮಧ್ಯಾಹ್ನದ ಹೊತ್ತಿಗೆ ಅದು ಮಕ್ಕಳು, ಮೊಮ್ಮಕ್ಕಳು, ಮಂಡಿನೋವಿಗೆ ತಿರುಗುತ್ತಿತ್ತು. ಹತ್ತನೇ ದಿನ ನಡುರಾತ್ರಿ ಎಲ್ಲರೂ ಒಟ್ಟಿಗೆ ಲಂಗರು ಎತ್ತಿದಾಗ ಜಾತ್ರೆಗೆ ಗಾಡಿ ಕಟ್ಟಿ ಹೊರಟ ಹಾಗಿತ್ತು. ಮುಂದೆ ಹೋಗುವ ದೋಣಿಯ ಹಿಂದೀಪ ನೋಡಿಕೊಂಡು ಇಡೀ ರಾತ್ರಿ ಸಾಗಿದೆವು.

ಬಿಮಿನಿ ದಾಟಿದರೆ ಗ್ರೇಟ್ ಬಹಾಮಾ ಬ್ಯಾಂಕ್. ಕಣ್ಣಿಗೆ ನೆಲವೇ ಕಾಣದಷ್ಟು ದೂರ ನೀರು, ಆದರೆ ಆಳ ಬರೀ ಮೂರು ನಾಲ್ಕು ಮೀಟರ್. ಕತ್ತಲಾದರೆ ದಾರಿಯಿಂದ ಒಂದಿಷ್ಟು ಪಕ್ಕಕ್ಕೆ ಸರಿದು, ನಡುಸಮುದ್ರದಲ್ಲೇ ಲಂಗರು ಇಳಿಸಿ ಮಲಗಬಹುದು. ಆ ರಾತ್ರಿ ಗಾಳಿ ಪೂರ್ತಿ ನಿಂತಿತ್ತು. ಹುಣ್ಣಿಮೆ ಹತ್ತಿರ. ನಾನು ಎದ್ದು ಹೊರಗೆ ಬಂದು ಕೆಳಗೆ ಬಗ್ಗಿ ನೋಡಿದೆ. ನೀರಿನಡಿಯ ಬಿಳಿ ಮರಳಿನ ಮೇಲೆ ನಮ್ಮ ದೋಣಿಯ ನೆರಳು ಬಿದ್ದಿತ್ತು. ಕಂಬ, ಹಗ್ಗ, ಕೊನೆಗೆ ಬಗ್ಗಿ ನೋಡುತ್ತಿದ್ದ ನನ್ನ ತಲೆ ಕೂಡ. ನಾನು ಕೈ ಎತ್ತಿದೆ. ಕೆಳಗೆ ಮರಳಿನ ಮೇಲೂ ಕೈ ಎದ್ದಿತು. ನಮ್ಮನೆಯವರನ್ನು ಎಬ್ಬಿಸಿ ತೋರಿಸಿದೆ. ಇಬ್ಬರೂ ಮಾತಾಡದೆ ಬೆಳಗಿನ ಜಾವದವರೆಗೆ ಅಲ್ಲೇ ಕೂತೆವು.

ಜನವರಿ ಕೊನೆಗೆ ಜಾರ್ಜ್‌ಟೌನ್. ಎಗ್ಸೂಮಾ ದ್ವೀಪಸಾಲಿನ ದಕ್ಷಿಣ ತುದಿಯ ಪುಟ್ಟ ಊರು, ಕರ್ಕಾಟಕ ಸಂಕ್ರಾಂತಿ ವೃತ್ತ ಹತ್ತಿರದಲ್ಲೇ ಹಾದುಹೋಗುತ್ತದೆ. ಒಂದು ಕಡೆ ಊರಿರುವ ದೊಡ್ಡ ದ್ವೀಪ, ಇನ್ನೊಂದು ಕಡೆ ಸ್ಟಾಕಿಂಗ್ ಐಲ್ಯಾಂಡ್ ಅನ್ನುವ ಉದ್ದನೆಯ ಮರಳುದಿಬ್ಬ, ನಡುವೆ ಎಲಿಜಬೆತ್ ಹಾರ್ಬರ್. ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿ ಮುನ್ನೂರು ದೋಣಿ ಸೇರುವುದುಂಟು. ಆಗ ಲಂಗರು ಹಾಕಿ ನಿಂತರೆ ಬಾಡಿಗೆ ಇರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್‌ಎಫ್ ರೇಡಿಯೋವನ್ನು 72ನೇ ಚಾನೆಲ್‌ಗೆ ತಿರುಗಿಸುತ್ತಾರೆ. ಇದಕ್ಕೆ ನೆಟ್ ಅಂತ ಹೆಸರು. ಸರದಿ ಮೇಲೆ ಯಾರೋ ಒಬ್ಬ ದೋಣಿಯವರು ನಡೆಸುತ್ತಾರೆ. ಮೊದಲು ಹವಾಮಾನ. ಆಮೇಲೆ ಯಾರಿಗೆ ಏನು ಬೇಕು, ಯಾರ ಹತ್ತಿರ ಏನು ಜಾಸ್ತಿ ಇದೆ. ನಂತರ ಹೊಸದಾಗಿ ಬಂದವರು, ಕೊನೆಗೆ ಹೊರಡುವವರು. ಮೊದಲ ದಿನ ನನ್ನ ಗಂಟಲು ಒಣಗಿತ್ತು. ಶರಾವತಿ ಅಂದರೆ ಯಾರಿಗೂ ತಿಳಿಯಲಿಲ್ಲ, ಒಂದೊಂದೇ ಅಕ್ಷರ ಹೇಳಿ ಅಂದರು. ರೇಡಿಯೋದಲ್ಲಿ ಅಕ್ಷರ ಹೇಳುವ ರೀತಿಯೇ ಬೇರೆ: ಸಿಯೆರಾ, ಹೋಟೆಲ್, ಆಲ್ಫಾ, ರೋಮಿಯೋ, ಆಲ್ಫಾ, ವಿಕ್ಟರ್, ಆಲ್ಫಾ, ಟ್ಯಾಂಗೋ, ಹೋಟೆಲ್, ಇಂಡಿಯಾ. ಕೊನೆಯ ಅಕ್ಷರ ಇಂಡಿಯಾ ಅಂತ ಬಂದಾಗ ನನಗೇ ಗೊತ್ತಿಲ್ಲದೆ ದನಿ ಏರಿತು. ಅವತ್ತಿನಿಂದ ನಾವು ಅಲ್ಲಿ "ಶರಾವತಿಯವರು". ನಮ್ಮ ಕಡೆ ಮನೆತನದ ಹೆಸರಿಂದ ಕರೆಯುತ್ತಾರಲ್ವಾ, ಹಾಗೆ. ಯಾರು ಏನು ಕೆಲಸದಲ್ಲಿದ್ದರು ಅಂತ ಯಾರೂ ಕೇಳುವುದಿಲ್ಲ. ಹಸಿರು ದೋಣಿಯ ಯಜಮಾನರು ಡಾಕ್ಟರ್ ಅಂತ ನಮಗೆ ತಿಳಿದಿದ್ದು ಆರು ವಾರ ಆದ ಮೇಲೆ. ಯಾರೋ ಒಬ್ಬರು ನೀರಲ್ಲಿ ನಡೆಯುವಾಗ ತೊರಕೆ ಮೀನಿನ ಮುಳ್ಳು ಚುಚ್ಚಿಸಿಕೊಂಡರು. ನೆಟ್‌ನಲ್ಲಿ ಡಾಕ್ಟರ್ ಬೇಕು ಅಂತ ಕೂಗು ಬಂತು. ಪಕ್ಕದಲ್ಲಿ ಬ್ರೆಡ್ ಹಿಟ್ಟು ನಾದುತ್ತಿದ್ದ ಆ ಮನುಷ್ಯ ಕೈ ತೊಳೆದುಕೊಂಡು ಡಿಂಗಿ ಹತ್ತಿದರು.

ಡಿಂಗಿ ಅಂದರೆ ದೊಡ್ಡ ದೋಣಿಯಿಂದ ದಡಕ್ಕೆ ಹೋಗಿಬರುವ ರಬ್ಬರ್ ದೋಣಿ, ಹಿಂದೆ ಸಣ್ಣ ಮೋಟಾರು. ನಮ್ಮೂರಿನ ಸೈಕಲ್ ಇದ್ದ ಹಾಗೆ. ಊರಿನ ಅಂಗಡಿಗೆ ಹೋಗಲು ರಸ್ತೆಯ ಸೇತುವೆಯ ಕೆಳಗೆ ಒಂದೇ ಡಿಂಗಿ ಹಿಡಿಯುವಷ್ಟು ಸಣ್ಣ ದಾರಿ. ಅದನ್ನು ದಾಟಿದರೆ ವಿಕ್ಟೋರಿಯಾ ಸರೋವರ ಅನ್ನುವ ಪುಟ್ಟ ಕೊಳ. ಅಲ್ಲಿ ಅಂಗಡಿ ಹಿಂದಿನ ಕಟ್ಟೆಯಲ್ಲಿ ಕುಡಿಯುವ ನೀರಿನ ನಲ್ಲಿ, ಪುಕ್ಕಟೆ. ನಮ್ಮ ಟ್ಯಾಂಕು 230 ಲೀಟರಿನದು. ಕ್ಯಾನುಗಳನ್ನು ಹಿಡಿದು ಸಾಲಿನಲ್ಲಿ ನಿಂತರೆ ಬೀದಿ ನಲ್ಲಿಯ ಮುಂದೆ ನಿಂತ ಹಾಗೇ. ಸುದ್ದಿಯೆಲ್ಲ ಅಲ್ಲೇ. ಸಾಮಾನು ತರುವ ಮೇಲ್‌ಬೋಟ್ ಬಂತಾ, ಟೊಮೆಟೊ ಇದೆಯಾ, ಯಾರ ಮಗಳು ವಿಮಾನದಲ್ಲಿ ಬರುತ್ತಾಳೆ, ಅವಳ ಕೈಲಿ ಬಿಡಿಭಾಗ ತರಿಸಬಹುದಾ. ನಮ್ಮ ಎಂಜಿನ್ನಿನ ನೀರಿನ ಪಂಪಿಗೆ ಇಂಪೆಲ್ಲರ್ ಅನ್ನುವ ರಬ್ಬರಿನ ಚಕ್ರ ಬಂದಿದ್ದು ಹಾಗೇ, ಮುಖ ನೋಡದ ಯಾರದ್ದೋ ತಂಗಿಯ ಸೂಟ್‌ಕೇಸಿನಲ್ಲಿ.

ನೀರು ಇಷ್ಟೇ ಅಂದಾಗ ಅದರ ರುಚಿಯೇ ಬೇರೆ. ಇಬ್ಬರಿಗೂ ಸೇರಿ ದಿನಕ್ಕೆ 12 ಲೀಟರಿನಲ್ಲಿ ಮುಗಿಸುತ್ತಿದ್ದೆವು. ಸಮುದ್ರದಲ್ಲಿ ಮುಳುಗಿ ಎದ್ದು, ಸೋಪು ಹಚ್ಚಿ, ಮತ್ತೆ ಮುಳುಗಿ, ಕೊನೆಗೆ ಒಂದೇ ಒಂದು ಚೊಂಬು ಸಿಹಿನೀರು ತಲೆ ಮೇಲೆ. ಆ ಒಂದು ಚೊಂಬು ನೀರು ಬೆನ್ನ ಮೇಲೆ ಇಳಿಯುವ ಸುಖ ಮನೆಯ ಶವರಿನಲ್ಲಿ ನನಗೆ ಸಿಕ್ಕಿಲ್ಲ. ಮಳೆ ಬಂದರಂತೂ ಹಬ್ಬ. ಎಲ್ಲ ದೋಣಿಗಳ ಮೇಲೂ ಜನ ಸೋಪು ಹಿಡಿದು ಹೊರಗೆ ಬರುತ್ತಿದ್ದರು.

ದೋಣಿಯ ಹಿಂಭಾಗದಲ್ಲಿ ಕೂರಲು ತೆರೆದ ಜಾಗ ಇರುತ್ತದೆ. ಚುಕ್ಕಾಣಿ ಅಲ್ಲೇ. ಇಂಗ್ಲಿಷಿನವರು ಕಾಕ್‌ಪಿಟ್ ಅನ್ನುತ್ತಾರೆ, ನಾನು ಮೊದಲಿಂದಲೂ ಜಗಲಿ ಅಂತಲೇ ಕರೆದೆ. ಬಂದವರು ಕೂರುವುದು ಅಲ್ಲೇ. ನಮ್ಮೂರ ಜಗಲಿಗೆ ಇರುವ ನಿಯಮಗಳೇ ಇಲ್ಲೂ. ದೋಣಿಯ ಮೈ ತಟ್ಟಿ ಕರೆಯದೆ ಯಾರೂ ಹತ್ತುವುದಿಲ್ಲ. ಚಪ್ಪಲಿ ಡಿಂಗಿಯಲ್ಲೇ ಬಿಟ್ಟು ಬರಬೇಕು. ಕೂತವರನ್ನು ಹೊರಡಿ ಅನ್ನುವಂತಿಲ್ಲ, ಆದರೆ ಕತ್ತಲಾದ ಮೇಲೆ ಅವರೇ ಏಳುತ್ತಾರೆ. ನಮ್ಮ ಕಡೆ ಕವಳದ (ಎಲೆಅಡಿಕೆಯ) ತಟ್ಟೆ ಇಡುವ ಜಾಗದಲ್ಲಿ ಇವರು ಶೇಂಗಾ, ಚೀಸು ಇಡುತ್ತಾರೆ. ದಡದ ಮೇಲೆ ಎಲ್ಲರೂ ಸೇರಿ ಉಣ್ಣುವ ದಿನ ತಟ್ಟೆ, ಲೋಟ, ಚಮಚ ಅವರವರದ್ದೇ ತರಬೇಕು. ತೊಳೆಯುವ ನೀರಿನ ಹೊರೆ ಒಬ್ಬರ ಮೇಲೆ ಬೀಳಬಾರದು ಅಂತ. ಇದು ನನಗೆ ತುಂಬ ಹಿಡಿಸಿತು.

ನಮ್ಮ ಕುಕ್ಕರ್ ಸೀಟಿ ಅಲ್ಲಿ ಬೇಗ ಪರಿಚಯವಾಯಿತು. ಮೂರನೇ ದಿನ ಹಸಿರು ದೋಣಿಯಾಕೆ ಬಂದು "ಅದೇನು ಎಚ್ಚರಿಕೆ ಗಂಟೆಯಾ?" ಅಂತ ಗಾಬರಿಯಿಂದ ಕೇಳಿದರು. ಬೇಳೆ ಬೇಯುತ್ತಿದೆ ಅಂದೆ. ಒಂದು ಸ್ಟೀಲ್ ಡಬ್ಬಿಯಲ್ಲಿ ಸಾರು ಅನ್ನ ಕಲಸಿ ಕೊಟ್ಟೆ. ಮಾರನೇ ದಿನ ಡಬ್ಬಿಯನ್ನು ಫಳಫಳ ತೊಳೆದು ತಂದರು. ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ ಅಂತ ಮಾತಿಗೆ ಹೇಳಿದೆ. ತಪ್ಪು ತೋರಿಸಬೇಕು ಅಂತ ಅಲ್ಲ, ಹೊಳೆಯುವ ಆ ಡಬ್ಬಿ ನೋಡಿ ಅಮ್ಮ ನೆನಪಾದಳು. ಆಕೆ ಅಲ್ಲೇ ಡಬ್ಬಿ ಕಿತ್ತುಕೊಂಡು ಹೋದರು. ಸಂಜೆ ತೆಂಗಿನಕಾಯಿ ಹಾಕಿದ ಬ್ರೆಡ್ ತುಂಬಿ ತಂದರು. ಅಲ್ಲಿಂದ ಆ ಡಬ್ಬಿ ನಿಲ್ಲಲಿಲ್ಲ. ನಮ್ಮಿಂದ ಚಿತ್ರಾನ್ನ, ಅವರಿಂದ ಮೀನಿನ ಕೇಕು. ಆಮೇಲೆ ಬೇರೆ ದೋಣಿಗಳಿಗೂ ಹೋಯಿತು. ಒಂದು ಸಲ ಹನ್ನೊಂದು ದಿನ ನಾಪತ್ತೆಯಾಗಿ, ನಾವು ಪರಿಚಯವೇ ಇಲ್ಲದ ಕೆನಡಾದ ಹುಡುಗನೊಬ್ಬ ಅದರಲ್ಲಿ ನಿಂಬೆಹಣ್ಣು ತುಂಬಿ ತಂದುಕೊಟ್ಟ.

ನೀರ್‌ದೋಸೆ ಕಲಿಸಿ ಅಂತ ಹಸಿರು ದೋಣಿಯಾಕೆ ಹಟ ಹಿಡಿದರು. ದೋಣಿಯಲ್ಲಿ ಮಿಕ್ಸಿ ಹಾಕಬೇಕಾದರೆ ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ, ಸೋಲಾರ್ ಹಲಗೆಗಳು ಪೂರ್ತಿ ಕಾಯುತ್ತಿರುವಾಗ. ಅಂಗಡಿಯ ಬೆಳ್ತಿಗೆ ಅಕ್ಕಿಯೇ ಆಯಿತು. ತೆಂಗಿನಕಾಯಿಗೆ ಅಲ್ಲಿ ಬರ ಇಲ್ಲ. ಹಿಟ್ಟು ನೀರು ಮಜ್ಜಿಗೆಯಷ್ಟು ತೆಳ್ಳಗಿರಬೇಕು ಅಂದರೆ ಆಕೆಗೆ ನಂಬಿಕೆಯೇ ಬರಲಿಲ್ಲ. ಪ್ಯಾನ್‌ಕೇಕ್ ಹಿಟ್ಟಿನ ಹಾಗೆ ದಪ್ಪ ಮಾಡುತ್ತಿದ್ದರು. ದೋಸೆ ಎದ್ದರೆ ಚರ್ಮದ ಹಾಗೆ, ತೂತೇ ಬೀಳುತ್ತಿರಲಿಲ್ಲ. ಕಾದ ಕಾವಲಿಗೆ ಎತ್ತರದಿಂದ ಎರಚಬೇಕು, ಸವರಬಾರದು ಅಂತ ಕೈ ಹಿಡಿದು ತೋರಿಸಿದೆ.

ಶಂಖದ ವಿಷಯ ಹೇಳಿಬಿಡುತ್ತೇನೆ. ಅಲ್ಲಿಯ ಶಂಖ ನಮ್ಮ ಪೂಜೆಯ ಶಂಖ ಅಲ್ಲ. ಅಲ್ಲಿನವರು ತಿನ್ನುವ ದೊಡ್ಡ ಶಂಖದ ಹುಳುವಿನ ಚಿಪ್ಪು, ಒಳಗೆ ಗುಲಾಬಿ ಬಣ್ಣ. ದಡದಲ್ಲಿ ರಾಶಿ ಬಿದ್ದಿರುತ್ತವೆ. ಆದರೆ ಹೆಚ್ಚಿನವು ಊದಲು ಬರುವುದಿಲ್ಲ. ಮಾಂಸ ಬಿಡಿಸಲು ಮೀನುಗಾರರು ತುದಿಯ ಹತ್ತಿರ ಒಂದು ಸೀಳು ಹೊಡೆದಿರುತ್ತಾರೆ, ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ನಮ್ಮನೆಯವರು ಒಂದನ್ನು ಆರಿಸಿ ಸೀಳಿಗೆ ಎಪಾಕ್ಸಿ ಅಂಟು ತುಂಬಿ ಎರಡು ದಿನ ಒಣಗಿಸಿದರು. ಹ್ಯಾಕ್ಸಾ ಬ್ಲೇಡಿನಿಂದ ಚೂಪು ತುದಿಯನ್ನು ಹಳೆಯ ನಾಲ್ಕಾಣೆ ಅಗಲದ ತೂತಾಗುವಷ್ಟು ಕೊಯ್ದು, ತುಟಿಗೆ ಗೀರದ ಹಾಗೆ ಮರಳು ಕಾಗದ ಉಜ್ಜಿದರು. ಕೆನ್ನೆ ಉಬ್ಬಿಸಿದರೆ ಸದ್ದು ಬರುವುದಿಲ್ಲ. ತುಟಿ ಬಿಗಿ ಮಾಡಿ ನಡುಗಿಸಬೇಕು, ಉಸಿರು ಹೊಟ್ಟೆಯಿಂದ ಬರಬೇಕು. ಅವರ ಊರಿನ ದಾಸಯ್ಯ ಹುಡುಗರಿಗೆ ಹೇಳಿಕೊಟ್ಟಿದ್ದನಂತೆ. ಐದನೇ ಸಂಜೆ ಮೊದಲ ಸಲ ಊದಿದಾಗ ಸದ್ದು ನೀರಿನ ಮೇಲೆ ಹಾದುಹೋಗಿ ಸ್ಟಾಕಿಂಗ್ ಐಲ್ಯಾಂಡಿನ ದಿಬ್ಬಕ್ಕೆ ತಾಗಿ ವಾಪಸ್ ಬಂತು. ಅಕ್ಕಪಕ್ಕದ ದೋಣಿಗಳಿಂದ ಚಪ್ಪಾಳೆ. ಅದಾದ ಮೇಲೆ ಮಕ್ಕಳು ದಿನಾ ನಮ್ಮ ಜಗಲಿಗೆ ಪಾಠಕ್ಕೆ ಬರತೊಡಗಿದರು.

ಈ ಸುಖಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ. ಅದು ನನಗೆ ಅರ್ಥವಾಗಿದ್ದು ಫೆಬ್ರವರಿಯ ಒಂದು ರಾತ್ರಿ. ಅಲ್ಲಿ ಸಾಮಾನ್ಯವಾಗಿ ಗಾಳಿ ಪೂರ್ವದ್ದು. ಉತ್ತರದಿಂದ ಚಳಿಗಾಳಿ ಬರುವ ಮುಂಚೆ ಅದು ದಕ್ಷಿಣಕ್ಕೆ, ಪಶ್ಚಿಮಕ್ಕೆ ತಿರುಗಿ, ಆಮೇಲೆ ವಾಯವ್ಯದಿಂದ ಜೋರಾಗಿ ಬಡಿಯುತ್ತದೆ. ನಿನ್ನೆ ಆಸರೆಯಾಗಿದ್ದ ದಡ ಇವತ್ತು ದೋಣಿ ಹೋಗಿ ಬಡಿಯುವ ದಡವಾಗುತ್ತದೆ. ಹಾಗಾಗಿ ಮುಂಚಿನ ದಿನವೇ ಹಲವರು ಬಂದರಿನ ಆಚೆ ಬದಿಗೆ, ಊರಿನ ಕಡೆಗೆ ಹೋಗಿ ಲಂಗರು ಹಾಕಿದರು. ನಾವೂ ಹೋದೆವು. ಆಳ ಮೂರು ಮೀಟರ್, ಬಿಟ್ಟ ಸರಪಳಿ 30 ಮೀಟರ್. ನಾನು ನೀರಿಗಿಳಿದು, ಲಂಗರಿನ ಕೊಕ್ಕೆ ಮರಳಿನಲ್ಲಿ ಪೂರ್ತಿ ಹೂತಿದೆಯಾ ಅಂತ ಕಣ್ಣಾರೆ ನೋಡಿ ಬಂದೆ. ಇದನ್ನು ಯಾವತ್ತೂ ಬಿಡಬೇಡಿ. ಮೇಲಿನಿಂದ ಎಳೆದು ನೋಡಿದರೆ ಗಟ್ಟಿ ಅನ್ನಿಸುತ್ತದೆ, ಕೆಳಗೆ ಹೋಗಿ ನೋಡಿದರೆ ಕಲ್ಲಿನ ಮೇಲೆ ಸುಮ್ನೆ ಒರಗಿರುತ್ತದೆ.

ರಾತ್ರಿ ಎರಡು ಗಂಟೆಗೆ ಗಾಳಿ 35 ನಾಟ್ (ಗಂಟೆಗೆ ಸುಮಾರು 65 ಕಿಲೋಮೀಟರ್) ದಾಟಿತು. ಹಗ್ಗಗಳು ಕಂಬಕ್ಕೆ ಬಡಿಯುವ ಸದ್ದು, ಮಳೆ. ನಮ್ಮ ಮುಂದಿದ್ದ ದೋಣಿಯ ದೀಪ ದೊಡ್ಡದಾಗುತ್ತಾ ಬಂತು. ಅದರ ಲಂಗರು ಕಿತ್ತು ಬಂದಿತ್ತು. ಒಳಗೆ ಇದ್ದಿದ್ದು ಎಪ್ಪತ್ತು ದಾಟಿದ ಒಬ್ಬರೇ. ನಾನು ಹಾರ್ನ್ ಒತ್ತಿ ರೇಡಿಯೋದಲ್ಲಿ ಕೂಗಿದೆ. ಐದು ನಿಮಿಷ ಆಗಿರಲಿಕ್ಕಿಲ್ಲ, ಕತ್ತಲೆಯಲ್ಲಿ ಮೂರು ತಲೆದೀಪಗಳು ಕುಣಿಯುತ್ತಾ ಬಂದವು. ಮೂರು ಡಿಂಗಿ. ಎರಡು ಅವರ ದೋಣಿಯ ಮೂತಿಗೆ ಒತ್ತಿ ಹಿಡಿದು ಮೋಟಾರು ಓಡಿಸಿದವು, ನಮಗೂ ಅದಕ್ಕೂ ನಡುವೆ ಎರಡು ಮಾರು ಜಾಗ ಉಳಿಯಿತು. ಮೂರನೆಯವರು ತಮ್ಮದೇ ಇನ್ನೊಂದು ಲಂಗರನ್ನು ಡಿಂಗಿಯಲ್ಲಿ ಹಾಕಿಕೊಂಡು ಬಂದಿದ್ದರು. ಗಾಳಿಗೆ ಎದುರಾಗಿ ಹೋಗಿ ಅದನ್ನು ಇಳಿಸಿದರು. ಮೂರೂವರೆಗೆ ಎಲ್ಲ ನಿಂತಿತು. ಯಾರೂ ಬೈಯಲಿಲ್ಲ. ಬೆಳಿಗ್ಗೆ ನೆಟ್‌ನಲ್ಲಿ ಆ ಹಿರಿಯರು ಎರಡೇ ಮಾತು ಹೇಳಿದರು, ಥ್ಯಾಂಕ್ಸ್ ಮತ್ತು ಕಾಫಿ ಕಾಯಿಸಿದ್ದೇನೆ. ಅಂದು ಸಂಜೆಯೇ ದೋಣಿಯ ತಳದ ನೀರು ಹೊರಹಾಕುವ, ಕೆಟ್ಟಿದ್ದ ನಮ್ಮ ಬಿಲ್ಜ್ ಪಂಪು ರಿಪೇರಿ ಮಾಡಿಕೊಟ್ಟು ಹೋದವರೂ ಅವರೇ. ಡಿಂಗಿಗಳಲ್ಲಿ ಬಂದವರಲ್ಲಿ ಇಬ್ಬರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ದೋಣಿಯವರು ದೋಣಿಯವರ ಜೊತೆಗೇ ಇದ್ದುಬಿಡುವ ಅಭ್ಯಾಸ ನನಗೆ ಸರಿ ಕಾಣಲಿಲ್ಲ. ನಾವು ಬೇರೆಯವರ ಬಂದರಿನಲ್ಲಿ ನಿಂತವರು. ಊರಿನಲ್ಲಿ ಹುಲ್ಲಿನ ಚೀಲ ಹೆಣೆದು ಮಾರುವ ಹೆಂಗಸರ ಹತ್ತಿರ ಕೂತು ಮಾತಾಡದೆ ಬಂದರೆ ಬಹಾಮಾಸ್ ನೋಡಿದ ಹಾಗಾಗುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಅಲ್ಲಿ ಅವರದ್ದೇ ದೋಣಿ ಹಬ್ಬ, 1954ರಿಂದ ನಡೆಯುತ್ತಾ ಬಂದಿದೆ. ಅವರೇ ಕಟ್ಟಿದ ಮರದ ದೋಣಿಗಳು, ಬಟ್ಟೆಯ ಹಾಯಿ. ಹೊರಡುವಾಗ ಎಲ್ಲ ದೋಣಿಗಳೂ ಹಾಯಿ ಇಳಿಸಿ, ಲಂಗರು ಹಾಕಿ ನಿಂತಿರುತ್ತವೆ. ಗುಂಡಿನ ಸದ್ದಾದ ಕೂಡಲೇ ಲಂಗರು ಎಳೆದು, ಹಾಯಿ ಏರಿಸಿ ನುಗ್ಗಬೇಕು. ದೋಣಿ ವಾಲದ ಹಾಗೆ ಒಂದು ಉದ್ದನೆಯ ಹಲಗೆಯನ್ನು ಗಾಳಿ ಬೀಸುವ ಕಡೆಗೆ ಹೊರಚಾಚಿ, ಅದರ ಮೇಲೆ ಆಳುಗಳು ಸಾಲಾಗಿ ನೀರಿನ ಮೇಲೆ ಕೂರುತ್ತಾರೆ. ನಾನು ದಡದಲ್ಲಿ ಚೀಲ ಹೆಣೆಯುವ ಅಜ್ಜಿಯೊಬ್ಬರ ಪಕ್ಕ ನಿಂತು ನೋಡಿದೆ. ಅವರ ಮೊಮ್ಮಗ ಆ ಹಲಗೆಯ ತುದಿಯಲ್ಲಿದ್ದ. ಅಜ್ಜಿ ನನ್ನ ತೋಳು ಹಿಡಿದು ಕಿರುಚುತ್ತಿದ್ದರು, ನಾನೂ ಜೊತೆಗೆ ಕಿರುಚಿದೆ. ಪತ್ತೆಮಾರಿ ಕಂಡಿದ್ದ ನಮ್ಮಜ್ಜ ಅಲ್ಲಿರಬೇಕಿತ್ತು ಅನ್ನಿಸಿತು.

ಹಬ್ಬ ಮುಗಿದ ಮೂರನೇ ದಿನ ನೆಟ್‌ನಲ್ಲಿ ಹೊರಡುವವರ ಸರದಿಯಲ್ಲಿ ನಮ್ಮ ಹೆಸರು ಹೇಳಿದೆ. ಈ ಸಲ ಯಾರೂ ಅಕ್ಷರ ಬಿಡಿಸಿ ಹೇಳಿ ಅನ್ನಲಿಲ್ಲ. ಡಬ್ಬಿ ಹಸಿರು ದೋಣಿಯಲ್ಲೇ ಇತ್ತು. ಹೋದರೆ ಹೋಗಲಿ, ಅಲ್ಲೇ ತಿರುಗಾಡಿಕೊಂಡಿರಲಿ ಅಂದುಕೊಂಡೆ. ಮರುದಿನ ಬೆಳಿಗ್ಗೆ ಆರೂವರೆಗೆ ಸರಪಳಿ ಎಳೆಯುತ್ತಿದ್ದಾಗ ದೋಣಿಯ ಮೈ ಮೇಲೆ ಎರಡು ಸಲ ತಟ್ಟಿದ ಸದ್ದು. ಹಸಿರು ದೋಣಿಯಾಕೆ ಡಿಂಗಿಯಲ್ಲಿ ನಿಂತು ಡಬ್ಬಿಯನ್ನು ಎರಡೂ ಕೈಯಲ್ಲಿ ಮೇಲಕ್ಕೆ ಹಿಡಿದಿದ್ದರು. ಬಿಸಿಯಾಗಿತ್ತು. ಲಂಗರು ಮೇಲೆ ಬಂದಾಗಿತ್ತು, ನಿಂತು ಮಾತಾಡುವ ಹಾಗಿರಲಿಲ್ಲ. ಬಂದರಿನ ಬಾಯಿ ದಾಟಿ, ಹಾಯಿ ಏರಿಸಿ, ದೋಣಿ ಒಂದು ಲಯಕ್ಕೆ ಬಂದ ಮೇಲೆ ಮುಚ್ಚಳ ತೆಗೆದೆ. ನಾಲ್ಕು ಮಡಿಕೆ ಮಡಿಚಿದ ಆರು ನೀರ್‌ದೋಸೆ, ನಡುವೆ ಕಾಯಿತುರಿ, ಸಕ್ಕರೆ. ಒಂದನ್ನು ಬಿಡಿಸಿ ಬೆಳಕಿಗೆ ಹಿಡಿದೆ. ತೂತುಗಳೆಲ್ಲ ಸರಿಯಾಗಿ ಬಿದ್ದಿದ್ದವು.